ಬೀಜದ ಚೀಲದ ಮೇಲೆ ರೋಗದ ಲೆಕ್ಕವೂ ಇರಲಿ: ಡ್ಯೂರಂ ಗೋಧಿ ಬೆಳೆಗಾರರ ಹಕ್ಕೊತ್ತಾಯ ಪತ್ರ

ರಾಜ್ಯದ ಕೃಷಿ ಇಲಾಖೆಗೆ, ಕೃಷಿ ವಿಶ್ವವಿದ್ಯಾಲಯಗಳಿಗೆ, ಬೀಜ ಉತ್ಪಾದಿಸುವ ಮತ್ತು ಮಾರುವ ಎಲ್ಲ ಸಂಸ್ಥೆಗಳಿಗೆ



ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳ ಎರೆಹೊಲಗಳಲ್ಲಿ ಹಿಂಗಾರಿಗೆ ಗೋಧಿ ಬಿತ್ತುವವರು ನಾವು. ಚಪಾತಿ ಗೋಧಿಯ ಜೊತೆಗೆ ನಮ್ಮಲ್ಲಿ ಇನ್ನೆರಡು ಗೋಧಿಗಳಿವೆ. ಒಂದು ಡ್ಯೂರಂ. ಪೇಟೆಯಲ್ಲಿ ಬನ್ಸಿ ಎಂದು ಹೆಸರಾದದ್ದು, ರವೆಗೂ ಶ್ಯಾವಿಗೆಗೂ ಹೇಳಿ ಮಾಡಿಸಿದ ಗಟ್ಟಿ ಕಾಳು. ಇನ್ನೊಂದು ಸದಕ. ಜವೆ ಗೋಧಿ ಅಂತಲೂ ಕರೆಯುವ ಇದನ್ನು ಕುಟ್ಟಿ, ಸಿಪ್ಪೆ ಬಿಡಿಸಿ, ಹುಗ್ಗಿ ಮಾಡುತ್ತೇವೆ. ಈ ಮೂರೂ ಗೋಧಿ ಒಂದೇ ಸೀಮೆಯಲ್ಲಿ ಬೆಳೆಯುವುದು ದೇಶದಲ್ಲಿ ಅಪರೂಪ.

ಈ ಪತ್ರ ಬರೆಯಲು ಕಾರಣ ಒಂದೇ. ಯಾವ ತಳಿ ಬಿತ್ತಬೇಕು ಎಂದು ತೀರ್ಮಾನಿಸುವ ಹೊತ್ತಿಗೆ ನಮ್ಮ ಕೈಯಲ್ಲಿ ಇಳುವರಿಯ ಅಂಕಿ ಇರುತ್ತದೆ, ರೋಗದ ಅಂಕಿ ಇರುವುದಿಲ್ಲ. ತೆನೆ ಹೊರಬೀಳುವ ಕಾಲಕ್ಕೆ ಎಲೆಯ ಮೇಲೆ ಭಂಡಾರ ಚೆಲ್ಲಿದಂತೆ ತುಕ್ಕು ಕಂಡಾಗ ಔಷಧಿ ಅಂಗಡಿಯ ಮುಂದೆ ನಿಲ್ಲುತ್ತೇವೆ. ಅಷ್ಟರಲ್ಲಿ ಅರ್ಧ ಬೆಳೆ ಕೈಬಿಟ್ಟಿರುತ್ತದೆ. ಗೋಧಿಗೆ ತಳಿಯ ಆಯ್ಕೆಯೇ ಮೊದಲ ಔಷಧಿ. ಮಳೆಯನ್ನೇ ನಂಬಿದ ಹೊಲಕ್ಕೆ ಬಹಳ ಸಲ ಅದೊಂದೇ ಔಷಧಿ. ಆ ಆಯ್ಕೆಯನ್ನು ಇನ್ನು ಮುಂದೆ ಕಣ್ಣು ಕಟ್ಟಿಕೊಂಡು ಮಾಡಲು ನಾವು ಸಿದ್ಧರಿಲ್ಲ. ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

1. ಮಾರಾಟವಾಗುವ ಪ್ರತಿ ಗೋಧಿ ಬೀಜದ ಚೀಲದ ಮೇಲೆ ಆ ತಳಿಯ ರೋಗದ ಅಂಕಿ ಕನ್ನಡದಲ್ಲಿ ಅಚ್ಚಾಗಬೇಕು.

ಈ ಅಂಕಿಯನ್ನು ಯಾರೂ ಹೊಸದಾಗಿ ಹುಡುಕಬೇಕಿಲ್ಲ. ತಳಿ ಬಿಡುಗಡೆಯಾಗುವ ಮೊದಲು ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಯಡಿ ಅದನ್ನು ಬೇಕೆಂದೇ ರೋಗ ಹಚ್ಚಿದ ಮಡಿಗಳಲ್ಲಿ ಬೆಳೆದು ನೋಡುತ್ತಾರೆ. ಎಲೆಯ ಅಥವಾ ಕಾಂಡದ ಎಷ್ಟು ಭಾಗವನ್ನು ತುಕ್ಕು ಆವರಿಸಿದೆ ಎಂಬುದಕ್ಕೆ ಒಂದು ಸಂಖ್ಯೆ, ಗಿಡ ಅದನ್ನು ಹೇಗೆ ಎದುರಿಸಿದೆ ಎಂಬುದಕ್ಕೆ ಒಂದೆರಡು ಅಕ್ಷರ ಬರೆಯುತ್ತಾರೆ. 5 ಎಂಆರ್ ಎಂದಿದ್ದರೆ ನೂರಕ್ಕೆ ಐದು ಭಾಗದಲ್ಲಿ ತುಕ್ಕು ಇದೆ, ಗಿಡ ಸಾಕಷ್ಟು ತಡೆದಿದೆ. 60 ಎಸ್ ಎಂದಿದ್ದರೆ ನೂರಕ್ಕೆ ಅರವತ್ತು ಭಾಗ ಆವರಿಸಿದೆ, ಗಿಡ ಸೋತಿದೆ. ಇದನ್ನು ಓದುವುದು ರೈತನಿಗೆ ಕಷ್ಟವಲ್ಲ. ಮಣ್ಣು ಪರೀಕ್ಷೆಯ ಚೀಟಿಯನ್ನೂ ಹಾಲಿನ ಡೇರಿಯ ಫ್ಯಾಟ್ ಲೆಕ್ಕವನ್ನೂ ಓದುವವರು ನಾವು.

ಕಾಂಡ ತುಕ್ಕಿಗೆ ಬೇರೆ, ಎಲೆ ತುಕ್ಕಿಗೆ ಬೇರೆ, ಎಲೆ ಅಂಗಮಾರಿಗೆ ಬೇರೆ ಅಂಕಿ ಕೊಡಬೇಕು. ಮೂರನ್ನೂ ಕಲಸಿ “ರೋಗ ನಿರೋಧಕ” ಎಂದು ಒಂದೇ ಮಾತಿನಲ್ಲಿ ಮುಗಿಸಬಾರದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ನೋಂದಾಯಿತ ತಳಿಯ ಬೀಜ ಮಾರುವಾಗ ಯಾವ ಪರಿಸ್ಥಿತಿಯಲ್ಲಿ ಅದರಿಂದ ಏನು ನಿರೀಕ್ಷಿಸಬಹುದು ಎಂಬುದನ್ನು ರೈತನಿಗೆ ತಿಳಿಸಬೇಕು. ತಳಿ ಹಾಗೆ ನಡೆದುಕೊಳ್ಳದಿದ್ದರೆ ರೈತನು ಆ ಕಾಯ್ದೆಯಡಿಯ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಚೀಲದ ಮೇಲೆ ಅಂಕಿಯೇ ಇಲ್ಲದಿದ್ದರೆ ಯಾವುದನ್ನು ತೋರಿಸಿ ಕೇಳುವುದು?

2. ನಿರೋಧಕ ಶಕ್ತಿಯನ್ನು ಪ್ರತಿ ವರ್ಷ ಮರುಪರೀಕ್ಷೆ ಮಾಡಿ, ಶಕ್ತಿ ಕುಂದಿದ ತಳಿಗಳ ಪಟ್ಟಿಯನ್ನು ಬಿತ್ತನೆಗೆ ಮೊದಲು ಪ್ರಕಟಿಸಬೇಕು.

ತುಕ್ಕು ರೋಗದ ಶಿಲೀಂಧ್ರ ನಿಂತಲ್ಲಿ ನಿಲ್ಲುವ ಜೀವವಲ್ಲ. ಒಂದೇ ನಿರೋಧಕ ಜೀನ್ ಇರುವ ತಳಿಯನ್ನು ಊರಿಗೆ ಊರೇ ಬಿತ್ತಿದರೆ, ಆ ಜೀನನ್ನು ಮೀರಬಲ್ಲ ತುಕ್ಕಿನ ಬಗೆ ಒಂದಲ್ಲ ಒಂದು ದಿನ ತಲೆಯೆತ್ತುತ್ತದೆ. ಆಮೇಲೆ ಅದನ್ನು ತಡೆಯುವವರಿಲ್ಲ. ಮೆಕ್ಸಿಕೋದ ವಾಯವ್ಯ ಭಾಗದ ಡ್ಯೂರಂ ಬೆಳೆಗಾರರು ಇದನ್ನು ಕಂಡುಂಡವರು. ಅಲ್ಲಿ 1984ರಲ್ಲಿ ಬಂದ ಆಲ್ಟಾರ್ ಸಿ84 ಎಂಬ ತಳಿ ವರ್ಷಗಟ್ಟಲೆ ಎಲೆ ತುಕ್ಕನ್ನು ತಡೆಯಿತು. 2001ರಲ್ಲಿ ಹೊಸ ಬಗೆಯ ತುಕ್ಕು ಅದನ್ನು ಮುರಿಯಿತು. ಬದಲಿಗೆ ಜುಪಾರೆ ಸಿ2001 ಕೊಟ್ಟರು. 2008ರ ಹೊತ್ತಿಗೆ ಅದರ ನಿರೋಧಕ ಶಕ್ತಿಯನ್ನೂ ಮೀರುವ ತುಕ್ಕು ಕಾಣಿಸಿಕೊಂಡಿತು. ಇಟಲಿಯ ಸಿಸಿಲಿಯಲ್ಲಿ 2016ರಲ್ಲಿ ಕಾಂಡ ತುಕ್ಕು ಸಾವಿರಾರು ಹೆಕ್ಟೇರ್ ಗೋಧಿಗೆ ಬಡಿಯಿತು. ಅದರಲ್ಲಿ ಬಹುಪಾಲು ಡ್ಯೂರಂ. ಕಾಂಡ ತುಕ್ಕು ಯುರೋಪಿನಲ್ಲಿ ಹಳೆಯ ಕಥೆಯಾಯಿತು ಎಂದು ನಂಬಿದ್ದ ಕಾಲ ಅದು.

ಹತ್ತು ವರ್ಷದ ಹಿಂದೆ ಬಿಡುಗಡೆಯಾದಾಗ ಬರೆದ “ನಿರೋಧಕ” ಎಂಬ ಮಾತನ್ನು ಇಂದಿಗೂ ಅದೇ ಕೈಪಿಡಿಯಲ್ಲಿ ಅಚ್ಚು ಹಾಕುವುದು ನಿಲ್ಲಬೇಕು. ಆ ಮಾತಿನ ಪಕ್ಕದಲ್ಲಿ ಪರೀಕ್ಷೆ ಮಾಡಿದ ವರ್ಷ ಇರಬೇಕು. ತುಕ್ಕಿನ ಮಾದರಿಗಳ ಬಗೆ ಗುರುತಿಸುವ ಕೆಲಸ ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ನಡೆಯುತ್ತದೆ. ನಮ್ಮ ಸೀಮೆಯ ಮಾದರಿಗಳಲ್ಲಿ ಯಾವ ಬಗೆ ಸಿಕ್ಕಿತು, ಅದಕ್ಕೆ ನಮ್ಮ ಯಾವ ತಳಿ ಸೋಲುತ್ತದೆ ಎಂಬ ಸುದ್ದಿ ವಿಜ್ಞಾನಿಗಳ ವಾರ್ಷಿಕ ವರದಿಯಲ್ಲೇ ಉಳಿಯಬಾರದು, ರೈತ ಸಂಪರ್ಕ ಕೇಂದ್ರದ ಗೋಡೆಗೂ ಬರಬೇಕು.

3. ಡ್ಯೂರಂ ಮತ್ತು ಸದಕ ಗೋಧಿಯ ತಳಿ ಅಭಿವೃದ್ಧಿಗೆ ಚಪಾತಿ ಗೋಧಿಯಿಂದ ಬೇರೆಯಾದ ಹಣ, ಬೇರೆಯಾದ ಸಿಬ್ಬಂದಿ ಬೇಕು.

ಚಪಾತಿ ಗೋಧಿಯಲ್ಲಿ 42 ವರ್ಣತಂತುಗಳು, ಡ್ಯೂರಂನಲ್ಲಿ ಮತ್ತು ಸದಕದಲ್ಲಿ 28. ಡಿ ಎಂದು ಕರೆಯುವ ಒಂದು ಇಡೀ ಗುಂಪು ಇವೆರಡರಲ್ಲೂ ಇಲ್ಲ. ರೋಗದ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ತುಕ್ಕನ್ನು ಪೂರ್ತಿ ತಡೆಯದೆ, ಅದರ ವೇಗವನ್ನು ಕುಗ್ಗಿಸಿ ಬಹುಕಾಲ ಬಾಳುವ ಜೀನ್‌ಗಳೆಂದು ಜಗತ್ತೆಲ್ಲ ನೆಚ್ಚಿಕೊಂಡಿರುವ ಎಲ್‌ಆರ್ 34, ಎಲ್‌ಆರ್ 67 ಎರಡೂ ಆ ಡಿ ಗುಂಪಿನಲ್ಲಿವೆ. ಅಂದರೆ ಡ್ಯೂರಂಗೆ ಅವು ಸಹಜವಾಗಿ ದಕ್ಕುವುದಿಲ್ಲ. ಎಲ್‌ಆರ್ 46, ಎಸ್‌ಆರ್ 2ರಂಥ ಬೇರೆ ನಿಧಾನ-ತುಕ್ಕಿನ ಜೀನ್‌ಗಳನ್ನು ಹುಡುಕಿ, ಎರಡು ಮೂರನ್ನು ಒಂದೇ ತಳಿಯಲ್ಲಿ ಕೂಡಿಸುವ ತಾಳ್ಮೆಯ ಕೆಲಸ ಇಲ್ಲಿ ಬೇಕು. ಚಪಾತಿ ಗೋಧಿಯ ಯೋಜನೆಯ ಕೊನೆಯ ಸಾಲಿನಲ್ಲಿ ಡ್ಯೂರಂ ಸೇರಿಸಿದರೆ ಈ ಕೆಲಸ ಆಗುವುದಿಲ್ಲ.

4. ನವೆಂಬರ್‌ನಿಂದ ಫೆಬ್ರುವರಿವರೆಗೆ ವಾರಕ್ಕೊಮ್ಮೆ ತುಕ್ಕು ರೋಗದ ಮುನ್ಸೂಚನೆ ನಮ್ಮ ಫೋನಿಗೆ ಬರಬೇಕು.

ನಮ್ಮ ಬಯಲಿನ ಬೇಸಿಗೆಯಲ್ಲಿ ತುಕ್ಕು ಬದುಕುವುದಿಲ್ಲ. ಅದು ಪ್ರತಿ ವರ್ಷ ಹೊರಗಿನಿಂದ ಬರುತ್ತದೆ. ಎಲ್ಲಿಂದ ಎಂಬುದನ್ನು ಆಗ್ರಾದ ಪ್ರೊ. ಕೆ. ಸಿ. ಮೆಹ್ತಾ ಅವರು ಸ್ವಾತಂತ್ರ್ಯಕ್ಕೆ ಮೊದಲೇ ತೋರಿಸಿಕೊಟ್ಟರು. ನೀಲಗಿರಿ ಮತ್ತು ಪಳನಿ ಬೆಟ್ಟಗಳ ತಂಪಿನಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಗೋಧಿ ಹಸಿರಾಗಿ ಇರುತ್ತಿತ್ತು, ಅದರ ಮೇಲೆ ತುಕ್ಕೂ ಉಳಿಯುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನವೆಂಬರ್‌ನಲ್ಲಿ ಗಾಳಿ ಉತ್ತರಕ್ಕೆ ತಿರುಗಿದಾಗ ಶಿಲೀಂಧ್ರದ ಬೀಜಕಣಗಳು ಅದರೊಡನೆ ಸಾಗಿ, ಮಳೆಯ ಜೊತೆ ನಮ್ಮ ಹೊಲಗಳಿಗೆ ಇಳಿಯುತ್ತವೆ. ಇಲ್ಲಿಂದ ಮಹಾರಾಷ್ಟ್ರ, ಮಧ್ಯಪ್ರದೇಶಗಳಿಗೆ ಹೋಗುತ್ತವೆ. ಹಾಗಾಗಿ ಕರ್ನಾಟಕದ ಹೊಲದಲ್ಲಿ ತುಕ್ಕನ್ನು ಮೊದಲೇ ಹಿಡಿದರೆ ಮಧ್ಯ ಭಾರತದ ಗೋಧಿಗೂ ಕಾವಲು ಹಾಕಿದಂತಾಗುತ್ತದೆ. ಇದು ನಮ್ಮ ಐದು ಜಿಲ್ಲೆಗಳ ಸ್ವಾರ್ಥದ ಬೇಡಿಕೆಯಲ್ಲ.

ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಗೋಧಿ ಸಂಶೋಧನಾ ಕೇಂದ್ರವಿದೆ. ಮಹಾಬಳೇಶ್ವರದಲ್ಲಿ ತುಕ್ಕು ರೋಗದ್ದೇ ಕೇಂದ್ರವಿದೆ. ಹವಾಮಾನ ಇಲಾಖೆಯ ಉಪಗ್ರಹ ಚಿತ್ರಗಳಿವೆ. ಇವನ್ನು ಜೋಡಿಸಿ “ಈ ವಾರ ಎಚ್ಚರ” ಎಂಬ ನಾಲ್ಕು ಸಾಲು ಕಳಿಸುವವರು ಬೇಕು. ಜೊತೆಗೆ ಪ್ರತಿ ಹೋಬಳಿಯಲ್ಲಿ ಒಂದು ಗುಂಟೆಯಷ್ಟು ಜಾಗದಲ್ಲಿ, ಬೇಗ ರೋಗ ಹಿಡಿಯುವ ಹಳೆಯ ತಳಿಗಳ ಕಾವಲು ಮಡಿ ಹಾಕಬೇಕು. ಜಾಗ ನಾವು ಕೊಡುತ್ತೇವೆ, ನೋಡಿಕೊಳ್ಳುವುದೂ ನಮ್ಮದೇ.

ನೋಡುವುದು ನಮಗೆ ಗೊತ್ತು. ಎಲೆ ತುಕ್ಕಿನ ಗುಳ್ಳೆ ಸಣ್ಣದು, ದುಂಡಗೆ, ಕಿತ್ತಳೆ ಮಿಶ್ರಿತ ಕಂದು; ಎಲೆಯ ಮೇಲ್ಮೈಯಲ್ಲೇ ಹೆಚ್ಚು. ಹೆಬ್ಬೆರಳಿನಿಂದ ಒರೆಸಿದರೆ ಪುಡಿ ಅಂಟುತ್ತದೆ, ಬೆಳಗಿನ ಇಬ್ಬನಿಯಲ್ಲಿ ಹೊಲ ದಾಟಿದವನ ಧೋತರದ ಅಂಚು ಕೆಂಪಾಗುತ್ತದೆ. ಕಾಂಡ ತುಕ್ಕಿನದು ಉದ್ದನೆಯ ಗುಳ್ಳೆ, ಇಟ್ಟಂಗಿ ಬಣ್ಣ. ಮೇಲಿನ ಪೊರೆ ಹರಿದು ಅಂಚು ಚಿಂದಿಯಾಗಿ ಎದ್ದಿರುತ್ತದೆ, ಬೆರಳಾಡಿಸಿದರೆ ದೊರಗು. ಸೋಂಕು ತಗುಲಿ ಗುಳ್ಳೆ ಕಾಣುವವರೆಗೆ ಹವೆಯನ್ನು ನೋಡಿಕೊಂಡು 7ರಿಂದ 14 ದಿನ ಹಿಡಿಯುತ್ತದೆ. ನಮಗೆ ಬೇಕಾಗಿರುವುದು ಆ ದಿನಗಳು. ಮುನ್ಸೂಚನೆ ಇದ್ದರೆ ಮೊದಲ ಗುಳ್ಳೆ ಕಂಡ ಹೊಲಕ್ಕೆ ಪ್ರೊಪಿಕೊನಜೋಲ್ 25 ಇಸಿಯನ್ನು ಲೀಟರ್ ನೀರಿಗೆ 1 ಮಿ.ಲೀ. ಲೆಕ್ಕದಲ್ಲಿ ಒಮ್ಮೆ ಸಿಂಪಡಿಸಿ ಬೆಳೆ ಉಳಿಸಿಕೊಳ್ಳಬಹುದು. ಮುನ್ಸೂಚನೆ ಇಲ್ಲದಿದ್ದರೆ ಮೂರು ಸಲ ಹೊಡೆದರೂ ಕಾಳು ಜೊಳ್ಳೇ.

5. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಸೆಪ್ಟೆಂಬರ್ ಕೊನೆಯೊಳಗೆ ಕನಿಷ್ಠ ಮೂರು ಡ್ಯೂರಂ ತಳಿಗಳ ಪ್ರಮಾಣಿತ ಬೀಜ ಇರಬೇಕು.

ಒಂದೇ ತಳಿಯನ್ನು ತಾಲ್ಲೂಕಿಗೆಲ್ಲ ಹಂಚುವುದು ತುಕ್ಕಿಗೆ ಹೆದ್ದಾರಿ ಹಾಕಿಕೊಟ್ಟ ಹಾಗೆ. ಮೂರು ತಳಿಗಳು ಎಂದರೆ ಹೆಸರು ಬೇರೆ, ಜೀನ್ ಒಂದೇ ಎಂಬಂತೆಯೂ ಆಗಬಾರದು. ಬೇರೆ ಬೇರೆ ನಿರೋಧಕ ಮೂಲದ ತಳಿಗಳನ್ನೇ ಆರಿಸಬೇಕು. ಧಾರವಾಡದ ಯುಎಎಸ್ ಸರಣಿ, ಪುಣೆಯ ಆಘರ್ಕರ್ ಸಂಸ್ಥೆಯ ಎಂಎಸಿಎಸ್ ಸರಣಿ, ನಿಫಾಡದ ಎನ್‌ಐಡಿಡಬ್ಲ್ಯು ಸರಣಿ ಮೂರರಿಂದಲೂ ಪರ್ಯಾಯ ದ್ವೀಪ ವಲಯಕ್ಕೆಂದೇ ಡ್ಯೂರಂ ತಳಿಗಳು ಬಂದಿವೆ. ಬೀಜ ಗೋದಾಮಿಗೆ ಬರುವಷ್ಟರಲ್ಲಿ ನವೆಂಬರ್ ಅರ್ಧ ಕಳೆದಿದ್ದರೆ ಯಾವ ತಳಿಯೂ ಪ್ರಯೋಜನಕ್ಕಿಲ್ಲ. ತಡವಾಗಿ ಬಿತ್ತಿದ ಗೋಧಿ ಕಾಳು ಕಟ್ಟುವಾಗ ಬಿಸಿಲಿಗೂ ಸಿಗುತ್ತದೆ, ತುಕ್ಕಿಗೂ ಸಿಗುತ್ತದೆ.

6. ಖುಷ್ಕಿಗೆ ಯಾವುದು, ನೀರಾವರಿಗೆ ಯಾವುದು ಎಂಬುದನ್ನು ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಯುಎಎಸ್ 446 ಮತ್ತು ಎಂಎಸಿಎಸ್ 4028 ಮಳೆಯಾಶ್ರಿತ ಹೊಲಕ್ಕೆ ಬಂದವು. ಯುಎಎಸ್ 428 ಮತ್ತು ಎಂಎಸಿಎಸ್ 3949 ನೀರಾವರಿಗೆ. ಎಂಎಸಿಎಸ್ 4028 ಸುಮಾರು 102 ದಿನಕ್ಕೆ ಮಾಗುತ್ತದೆ, ಅದರಲ್ಲಿ ಪ್ರೋಟೀನ್ ಶೇ. 14.7ರಷ್ಟು. ಹಸಿ ಆರುವ ಮೊದಲು ಕೈಗೆ ಬರುವ ಇಂಥ ತಳಿ ಎರೆಭೂಮಿಗೆ ವರ. ನೀರಾವರಿಯ ತಳಿಯನ್ನು ಒಣ ಹೊಲದಲ್ಲಿ ಬಿತ್ತಿದರೆ ಗಿಡ ಬಾಡುತ್ತದೆ, ಬಾಡಿದ ಗಿಡಕ್ಕೆ ಗೆದ್ದಲು ಮುತ್ತುತ್ತದೆ. ಆಗ ತಪ್ಪು ತಳಿಯದೋ ಹುಳದ್ದೋ ಎಂದು ಜಗಳ ಶುರು.

7. ಕೀಟದ ಸಲಹೆ ಔಷಧಿ ಅಂಗಡಿಯಿಂದ ಬರಬಾರದು, ಹೊಲ ನೋಡಿದವರಿಂದ ಬರಬೇಕು.

ಕಬ್ಬು, ಗೋವಿನಜೋಳ ಬೆಳೆದ ನೀರಾವರಿ ಹೊಲದಲ್ಲಿ ಗೋಧಿ ಹಾಕಿದರೆ ಗುಲಾಬಿ ಬಣ್ಣದ ಕಾಂಡ ಕೊರಕ ಆ ಬೆಳೆಗಳಿಂದ ಇದಕ್ಕೆ ದಾಟುತ್ತದೆ. ಎಳೆ ಗಿಡದಲ್ಲಿ ಸುಳಿ ಒಣಗುತ್ತದೆ, ಬೆಳೆದ ಗಿಡದಲ್ಲಿ ಕಾಳಿಲ್ಲದ ಬಿಳಿ ತೆನೆ ನಿಲ್ಲುತ್ತದೆ. ಹಿಂದಿನ ಬೆಳೆಯ ಕೂಳೆ ತೆಗೆಯುವುದು ಇಲ್ಲಿ ಯಾವ ಸಿಂಪರಣೆಗಿಂತಲೂ ಮುಖ್ಯ. ಹೇನಿನ ಮಾತು ಬೇರೆ. ತೆನೆಯಲ್ಲಿ ಹೇನು ಕಂಡ ಕೂಡಲೇ ಪಂಪು ಹೆಗಲಿಗೇರಿಸುವ ಮೊದಲು, ಅದೇ ತೆನೆಯಲ್ಲಿ ಗುಲಗಂಜಿ ಹುಳು ಎಷ್ಟಿವೆ ಎಂದು ಎಣಿಸುವುದನ್ನು ಕಲಿಸಬೇಕು. ಎಷ್ಟು ಹೇನು ಇದ್ದರೆ ನಷ್ಟ, ಎಷ್ಟಿದ್ದರೆ ಸುಮ್ಮನಿರಬಹುದು ಎಂಬ ಲೆಕ್ಕ ನಮ್ಮ ವಲಯಕ್ಕೆ ತಕ್ಕಂತೆ ಒಂದು ಹಾಳೆಯಲ್ಲಿ ಅಚ್ಚಾಗಿ ಬರಲಿ. ಎರಡು ಮೂರು ಔಷಧಿ ಕಲಸಿ ಕೊಡುವ ಅಂಗಡಿಗಳ ಮೇಲೆ ಕ್ರಮ ಆಗಲಿ.

8. ಮನೆಬೀಜದ ಹಕ್ಕನ್ನು ಮಾತಿನಲ್ಲಿ ಒಪ್ಪಿದರೆ ಸಾಲದು, ಸೌಲಭ್ಯ ಕೊಡಬೇಕು.

ಗೋಧಿ ತನ್ನಷ್ಟಕ್ಕೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಒಮ್ಮೆ ಒಳ್ಳೆಯ ಬೀಜ ತಂದರೆ ಕೆಲವು ವರ್ಷ ಮನೆಯ ಬೀಜವೇ ಸಾಕು. ಬ್ರ್ಯಾಂಡ್ ಹಾಕದೆ ಬೀಜ ಇಟ್ಟುಕೊಳ್ಳಲು, ಕೊಡಲು, ಮಾರಲು ರೈತರ ಹಕ್ಕುಗಳ ಕಾಯ್ದೆ ನಮಗೆ ಹಕ್ಕು ಕೊಟ್ಟಿದೆ. ಆದರೆ ಕಾಡಿಗೆ ರೋಗ ಬೀಜದ ಒಳಗೇ ಕುಳಿತು ಬರುತ್ತದೆ, ಹೊರಗಿನಿಂದ ಕಾಳು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಪ್ರತಿ ಹೋಬಳಿಗೆ ಬೀಜ ಜರಡಿ ಹಿಡಿಯುವ ಮತ್ತು ಬೀಜೋಪಚಾರದ ಯಂತ್ರ, ಮೊಳಕೆ ಪರೀಕ್ಷೆಯ ವ್ಯವಸ್ಥೆ ಬೇಕು. ಪ್ರಮಾಣಿತ ಗೋಧಿ ಬೀಜಕ್ಕೆ ನೂರಕ್ಕೆ 85 ಮೊಳಕೆ ಕಡ್ಡಾಯ. ನಮ್ಮ ಮನೆಬೀಜವೂ ಅದನ್ನು ಮುಟ್ಟಬೇಕೆಂಬುದೇ ನಮ್ಮ ಆಸೆ.

9. ಸದಕ ಗೋಧಿಯ ಸ್ಥಳೀಯ ತಳಿಗಳನ್ನು ಬೆಳೆಯುವವರ ಹೊಲದಲ್ಲೇ ಉಳಿಸಬೇಕು, ಉಳಿಸಿದವರಿಗೆ ಪಾಲು ಸಿಗಬೇಕು.

ಹುಗ್ಗಿಯ ಗೋಧಿ ಎಂದು ಇದನ್ನು ಹಗುರಾಗಿ ಕಾಣುವವರಿಗೆ ಒಂದು ಸಂಗತಿ ಹೇಳಬೇಕು. ಮಹಾರಾಷ್ಟ್ರದಲ್ಲಿ ಖಪ್ಲಿ ಎನ್ನುವುದು ಇದೇ ಗೋಧಿಯನ್ನು. ಭಾರತದಿಂದ ಹೋದ ಖಪ್ಲಿಯನ್ನು ಬಳಸಿ ಆಸ್ಟ್ರೇಲಿಯಾದಲ್ಲಿ ವಾಟರ್‌ಹೌಸ್ ಎಂಬ ವಿಜ್ಞಾನಿ ಖಪ್‌ಸ್ಟೈನ್ ಎಂಬ ಗೋಧಿ ಬೆಳೆಸಿದರು. ಕಾಂಡ ತುಕ್ಕನ್ನು ತಡೆಯುವ ಎಸ್‌ಆರ್ 13 ಎಂಬ ಜೀನ್ ಖಪ್ಲಿಯಲ್ಲಿ ಸಿಕ್ಕಿತು. ಇವತ್ತು ಜಗತ್ತಿನ ಡ್ಯೂರಂ ಗೋಧಿಗಳು ಕಾಂಡ ತುಕ್ಕಿನ ವಿರುದ್ಧ ನೆಚ್ಚಿಕೊಂಡಿರುವ ಮುಖ್ಯ ಜೀನ್‌ಗಳಲ್ಲಿ ಅದೂ ಒಂದು. ಪೂರ್ವ ಆಫ್ರಿಕಾದಲ್ಲಿ ಹುಟ್ಟಿ ಕುಖ್ಯಾತವಾದ ಯುಜಿ99 ತುಕ್ಕಿನ ಮುಂದೆಯೂ ಅದು ನಿಂತಿತು. ಇಥಿಯೋಪಿಯಾದಲ್ಲಿ ಎಸ್‌ಆರ್ 13ನ್ನೂ ಮೀರುವ ಬಗೆ ಸಿಕ್ಕಿದೆ ಎಂಬುದು ಆತಂಕದ ವಿಷಯ. ಮುಂದಿನ ಜೀನ್ ಎಲ್ಲಿ ಅಡಗಿದೆಯೋ ಹೇಳಲಾಗದು. ನಮ್ಮ ಅಜ್ಜಿಯಂದಿರು ಕಣಜದಲ್ಲಿ ಉಳಿಸಿದ ಕಾಳಿನಲ್ಲೇ ಇರಬಹುದು.

ಡಿಡಿಕೆ 1025, ಡಿಡಿಕೆ 1029ರಂಥ ಸುಧಾರಿತ ಸದಕ ತಳಿಗಳನ್ನು ಕೊಟ್ಟಿದ್ದಕ್ಕೆ ಧಾರವಾಡದ ವಿಜ್ಞಾನಿಗಳಿಗೆ ಋಣಿ. ಅವುಗಳ ಭರದಲ್ಲಿ ಹಳೆಯ ಸದಕ, ಬಿಜಗಾ ಹಳದಿಯಂಥ ಹಳೆಯ ಡ್ಯೂರಂ ಹೊಲದಿಂದ ಮಾಯವಾಗಬಾರದು. ಬೀಜ ಬ್ಯಾಂಕಿನ ಶೀತಲ ಕೋಣೆಯಲ್ಲಿ ಇಟ್ಟರೆ ಕಾಳು ಉಳಿಯುತ್ತದೆ, ಬದಲಾಗುವ ತುಕ್ಕಿನ ಎದುರು ಅದು ವರ್ಷ ವರ್ಷ ಪಳಗುವುದು ಹೊಲದಲ್ಲಿ ಮಾತ್ರ. ರೈತರ ಹಕ್ಕುಗಳ ಕಾಯ್ದೆಯಡಿ ರಾಷ್ಟ್ರೀಯ ಜೀನ್ ನಿಧಿ ಇದೆ. ಅದರಿಂದ ಈ ಹೊಲಗಳಿಗೆ ಎಕರೆ ಲೆಕ್ಕದಲ್ಲಿ ಸಹಾಯಧನ ಬರುವಂತೆ ರಾಜ್ಯ ಸರ್ಕಾರ ಕೇಂದ್ರದ ಮೇಲೆ ಒತ್ತಡ ತರಬೇಕು.

10. ಡ್ಯೂರಂಗೆ ಪ್ರತ್ಯೇಕ ದರ್ಜೆ, ಪ್ರತ್ಯೇಕ ಬೆಂಬಲ ಬೆಲೆ ಬೇಕು.

2025-26ರ ಮಾರಾಟ ಹಂಗಾಮಿಗೆ ಗೋಧಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,425 ರೂಪಾಯಿ ಇತ್ತು. ಯಾವ ಗೋಧಿಯಾದರೂ ಅದೇ. ರೋಗ ತಡೆಯುವ ಡ್ಯೂರಂ ಬೆಳೆದವನಿಗೂ, ಮಿಶ್ರ ಕಾಳು ತಂದವನಿಗೂ ಒಂದೇ ದರ ಇದ್ದರೆ ತಳಿ ಶುದ್ಧವಾಗಿ ಇಡುವ ಕಷ್ಟ ಯಾರು ಪಡುತ್ತಾರೆ? ದರ್ಜೆ ಮಾಡುವುದು ಸುಲಭ. ಕಾಳನ್ನು ಅಡ್ಡ ಕತ್ತರಿಸಿದರೆ ಒಳ್ಳೆಯ ಡ್ಯೂರಂ ಒಳಗೆಲ್ಲ ಜೇನು ಬಣ್ಣದ ಹೊಳಪು. ಸಾರಜನಕ ಸಾಲದೆ ಬೆಳೆದದ್ದರಲ್ಲಿ ಬಿಳಿ ಹಿಟ್ಟಿನ ಮಚ್ಚೆ, ಅದು ರವೆಗೆ ಬಾರದು. ಎಪಿಎಂಸಿಗಳಲ್ಲಿ ನೂರು ಕಾಳು ಕತ್ತರಿಸಿ ಎಣಿಸುವ ವ್ಯವಸ್ಥೆ ಮಾಡಿ, ಆ ಎಣಿಕೆಗೆ ತಕ್ಕ ದರ ಕೊಡಿಸಿ.

11. ಫಸಲ್ ಬಿಮಾ ಯೋಜನೆಯಲ್ಲಿ ತುಕ್ಕು ರೋಗದ ನಷ್ಟಕ್ಕೆ ಹೊಲದ ಮಟ್ಟದ ಪರಿಶೀಲನೆ ಸೇರಬೇಕು. ಆಲಿಕಲ್ಲಿಗೆ, ನೀರು ನುಗ್ಗಿದ್ದಕ್ಕೆ ಒಬ್ಬೊಬ್ಬರ ಹೊಲ ನೋಡುತ್ತಾರೆ. ರೋಗಕ್ಕೆ ಮಾತ್ರ ಇಡೀ ಪಂಚಾಯಿತಿಯ ಅಥವಾ ಹೋಬಳಿಯ ಸರಾಸರಿ. ತಗ್ಗಿನ ಹೊಲದಲ್ಲಿ ಇಬ್ಬನಿ ನಿಂತು ಬೆಳೆ ಪೂರ್ತಿ ಹೋದವನು ಈ ಸರಾಸರಿಯಲ್ಲಿ ಕಳೆದುಹೋಗುತ್ತಾನೆ.

12. ಪ್ರತಿ ಫೆಬ್ರುವರಿಯಲ್ಲಿ, ತೆನೆ ಹಾಲುಗಾಳಿನಿಂದ ಗಟ್ಟಿಯಾಗುವ ಹೊತ್ತಿಗೆ, ಸಂಶೋಧನಾ ಕೇಂದ್ರಗಳ ರೋಗ ಮಡಿಗಳನ್ನು ರೈತರಿಗೆ ತೆರೆಯಬೇಕು. ಹೆಂಗಸರಿಗೂ ಕರೆ ಇರಬೇಕು. ಬೀಜ ಆರಿಸುವವರು, ಶ್ಯಾವಿಗೆ ಹೊಸೆಯುವವರು, ಸದಕ ಕುಟ್ಟುವವರು ಅವರೇ. ಅವರು ಬೇಡ ಎಂದ ತಳಿ ಎಷ್ಟೇ ರೋಗ ತಡೆದರೂ ಹೊಲಕ್ಕೆ ಬರುವುದಿಲ್ಲ. ಆ ದಿನ ನಾವು ಕೊಟ್ಟ ಅಂಕಗಳು ತಳಿ ಬಿಡುಗಡೆಯ ಸಭೆಯ ಕಡತದಲ್ಲಿ ಸೇರಬೇಕು.

ಈ ಹನ್ನೆರಡರಲ್ಲಿ 1, 2, 4, 5ನೇ ಬೇಡಿಕೆಗಳಿಗೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಮುಂದಿನ ಹಿಂಗಾರಿಗೇ ಜಾರಿ ಮಾಡಬಹುದು. ಖುಷ್ಕಿ ಗೋಧಿ ಅಕ್ಟೋಬರ್ ಎರಡನೇ ಪಕ್ಷದಲ್ಲಿ ಬಿತ್ತನೆಯಾಗುತ್ತದೆ. ಆದ್ದರಿಂದ ಸೆಪ್ಟೆಂಬರ್ 15ರೊಳಗೆ ಲಿಖಿತ ಉತ್ತರ ಕೊಡಬೇಕು, ಪ್ರತಿ ಜಿಲ್ಲೆಯಲ್ಲೂ ಬೆಳೆಗಾರರ ಜೊತೆ ಒಂದು ಸಭೆ ಕರೆಯಬೇಕು ಎಂದು ಆಗ್ರಹಿಸುತ್ತೇವೆ.

ಗೋಧಿ ಬೆಳೆಯುವ ಬಂಧುಗಳಲ್ಲಿ ಒಂದು ಮನವಿ. ಈ ಪತ್ರ ನಿಮ್ಮ ಊರಿಗೆ ಬಂದಾಗ ಓದಿ, ಒಪ್ಪಿದರೆ ಸಹಿ ಹಾಕಿ. ಈ ಸಲ ಬೀಜಕ್ಕೆಂದು ಎತ್ತಿಡುವ ಚೀಲದ ಮೇಲೆ ತಳಿಯ ಹೆಸರು, ಬಿತ್ತಿದ ದಿನ, ತುಕ್ಕು ಕಂಡ ದಿನ ಬರೆದಿಡಿ. ಸಭೆಗೆ ಬರುವಾಗ ಆ ಲೆಕ್ಕವನ್ನು ಜೊತೆಗೆ ತನ್ನಿ.